ಅಂಬಾಸಿಡರ್‌ನ ಟಿಕ್ ಟಿಕ್, ಅವ್ವನ ತಲೆನೋವು

ಎಳ್ಳಮವಾಸ್ಯೆ ದಿನ ಬೆಳಗ್ಗೆ ಆರೂವರೆ. ಗದಗದ ಚಳಿಗೆ ಮನೆಮಂದಿ ಎಲ್ಲ ಶಾಲು ಹೊದ್ದು ಓಡಾಡ್ತಿದ್ವಿ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿ ಸೇರಿದ್ದವು. ಲಕ್ಷ್ಮೇಶ್ವರದ ಆಚೆ ಇರೋ ಹೊಲಕ್ಕೆ ಚರಗ ಚೆಲ್ಲೋಕೆ ಹೋಗೋದು ನಮ್ಮ ಮನೆಯ ಪದ್ಧತಿ. ಅಜ್ಜನ ಕಾಲದ ಅಂಬಾಸಿಡರ್‌ನಲ್ಲೇ ಹೋಗೋದು. ಅದೂ ಪದ್ಧತಿನೇ.

ಅಪ್ಪ ಚೋಕ್ ಎಳೆದು ಗಾಡಿ ಚಾಲೂ ಮಾಡಿದ್ರು. ಎಂಜಿನ್ ಎದ್ದ ಕೂಡಲೇ ಬಾನೆಟ್ ಒಳಗಿಂದ ಟಿಕ್, ಟಿಕ್, ಟಿಕ್.

“ಮತ್ತ ಹೋತು ನೋಡು ಪ್ಯಾಕಿಂಗು,” ಅಂದ್ರು ಅಪ್ಪ. ಅಷ್ಟೇ. ಮಳೆ ಬರ್ತೈತಿ ಅನ್ನೋ ಹಾಗೆ.

ಪ್ಯಾಕಿಂಗ್ ಅಂದ್ರೆ ಗ್ಯಾಸ್ಕೆಟ್. ಎಂಜಿನ್ನಿನ ಹೆಡ್‌ಗೂ ಸುಟ್ಟ ಹೊಗೆ ಹೊರಗೆ ಹೋಗೋ ಮನಿಫೋಲ್ಡ್‌ಗೂ ನಡುವೆ ಕೂರೋ ತೆಳುವಾದ ಹಾಳೆ. ಅದು ಸುಟ್ಟರೆ ಹೊಗೆ ಸೈಲೆನ್ಸರ್ ಕಡೆ ಹೋಗೋ ಬದಲು ಬಾನೆಟ್ ಒಳಗೇ ಚಿಮ್ಮುತ್ತೆ. ಆ ಟಿಕ್ ಟಿಕ್ ಅದರದ್ದೇ ಸಪ್ಪಳ. ಎರಡು ವರ್ಷದಲ್ಲಿ ಇದು ಮೂರನೇ ಸಲ. ಒಮ್ಮೆ ಲಕ್ಷ್ಮೇಶ್ವರದಲ್ಲಿ, ಒಮ್ಮೆ ಗದಗದಲ್ಲಿ ಹೊಸದು ಹಾಕಿಸಿದ್ವಿ. ಪ್ರತಿ ಸಲ ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಶುರು.

“ಬಿಸಿ ಆದ್ಮ್ಯಾಲ ಕಡಿಮಿ ಆಕ್ಕೈತಿ, ನಡೀರಿ,” ಅಂದ್ರು ಅಪ್ಪ. ಹೊರಟ್ವಿ. ಚಳಿ ಅಂತ ಕಿಟಕಿ ಎಲ್ಲ ಮುಚ್ಚಿದ್ವಿ.

ಮುಳಗುಂದ ದಾಟೋದ್ರೊಳಗೆ ಹಿಂದಿನ ಸೀಟಿನಲ್ಲಿ ಅವ್ವ ತೂಕಡಿಸೋಕೆ ಶುರು ಮಾಡಿದ್ರು. ಹೊಲ ಮುಟ್ಟಿದಾಗ ಹಣೆ ಒತ್ತಿಕೊಂಡು ಇಳಿದ್ರು. “ತೆಲಿ ಸಿಡ್ಯಾಕತ್ತೈತಿ, ಹೊಟ್ಟ್ಯಾಗ ತೊಳಸಿದಂಗ ಆಗಾಕತ್ತೈತಿ.” ಗಾಳಿಗೆ ಅರ್ಧ ತಾಸು ಜೋಳದ ಹೊಲದ ಬದುವಿನ ಮೇಲೆ ಕೂತ ಮೇಲೆ ಸರಿಯಾಯ್ತು. ಬೇಸಿಗೆಯಲ್ಲಿ ಹೀಗಾದಾಗ ಬಿಸಿಲು ಅಂದುಕೊಂಡಿದ್ವಿ. ಇವತ್ತು ಬಿಸಿಲೆಲ್ಲಿತ್ತು?

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು. ನಮ್ಮಲ್ಲಿ ಒಂದೇ ಬಗ್ ಮೂರು ಸಲ ವಾಪಸ್ ಬಂದ್ರೆ ಯಾರೂ “ಮತ್ತ ಹೋತು” ಅಂತ ಸುಮ್ಮನಾಗಲ್ಲ. ಹಿಂದಿನ ಎರಡು ಸಲ ನಾವು ಕಾರಣ ಹುಡುಕಲೇ ಇಲ್ಲ, ಬರೀ ತೇಪೆ ಹಾಕಿದ್ವಿ ಅಂತ ಅರ್ಥ. ಅವ್ವನ ಮುಖ ನೋಡಿದಾಗ ಆ ಮಾತು ನೆನಪಾಯ್ತು.

ಬೆಟಗೇರಿಯ ಮಿಸ್ತ್ರಿ

ಮರುದಿನ ಗಾಡಿ ತಗೊಂಡು ಬೆಟಗೇರಿಗೆ ಹೋದ್ವಿ. ಮಗ್ಗದ ಸಪ್ಪಳ ಕೇಳಿಸೋ ಓಣಿಯ ಬಾಯಲ್ಲಿ ಒಂದು ಹಳೇ ಗ್ಯಾರೇಜ್. ಅಲ್ಲಿನ ಮಿಸ್ತ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಅಜ್ಜನಿಗೂ ಪರಿಚಯದವರು.

ಅಪ್ಪ ಹೊಸ ಪ್ಯಾಕಿಂಗ್ ಕವರ್ ಸಮೇತ ಅವರ ಕೈಗಿಟ್ರು. ಅವರು ಅದನ್ನ ಪಕ್ಕಕ್ಕಿಟ್ಟು, “ಇದನ್ನ ಹಾಕೂದು ದೊಡ್ಡ ಕೆಲಸಲ್ರಿ ಸಾವ್ಕಾರ್ರ. ಆದ್ರ ಯಾಕ ಸುಡಾಕತ್ತೈತಿ ಅಂತ ಗೊತ್ತಾಗೂತನಾ ನಾ ಹಾಕಂಗಿಲ್ಲ,” ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ಒಳಗ ಕುಂತು ಎಕ್ಸಲೇಟರ್ ಒಮ್ಮಿ ಜೋರ್ ಒತ್ತು,” ಅಂದ್ರು.

ಒತ್ತಿದೆ. ಅಪ್ಪ ಬಾನೆಟ್ ಕೆಳಗೆ ನೋಡ್ತಾ ನಿಂತಿದ್ರು. ಇಡೀ ಎಂಜಿನ್ ಒಂದು ಕಡೆ ವಾಲಿ ವಾಪಸ್ ಕೂತಿತ್ತಂತೆ. ಎಂಜಿನ್ ಫೌಂಡೇಶನ್ನಿನ ರಬ್ಬರ್ ಒಡೆದಿತ್ತು. ಗಾಡಿ ಎತ್ತಿ ಕೆಳಗೆ ನೋಡಿದ್ರೆ ಗೇರ್‌ಬಾಕ್ಸ್ ಹತ್ತಿರ ಸೈಲೆನ್ಸರ್ ಪೈಪ್ ಹಿಡಿದಿರಬೇಕಾದ ಕ್ಲಾಂಪೇ ಇಲ್ಲ. ಹಿಂದಿನ ಒಂದು ಹ್ಯಾಂಗರ್ ರಬ್ಬರ್ ಕಿತ್ತು, ಅದರ ಜಾಗದಲ್ಲಿ ತಂತಿ ಸುತ್ತಿತ್ತು.

“ಪೈಪಿನ ಭಾರ ಎಲ್ಲಾ ಮನಿಫೋಲ್ಡ್ ಕೊಳ್ಳಾಗ ಬಿದ್ದೈತಿ. ಎಂಜಿನ್ ಅಲ್ಲಾಡಿದಾಗೆಲ್ಲಾ ಪೈಪ್ ಅದನ್ನ ಕೆಳಗ ಜಗ್ಗತೈತಿ. ಪಾಪ, ಆ ಹಾಳಿ ಏನ್ ಮಾಡೀತು?”

ಎರಡು ವರ್ಷ ನಾವು ಬೈದದ್ದು ಪ್ಯಾಕಿಂಗನ್ನ. ತಪ್ಪು ಮಾಡಿದ್ದು ಅದರಿಂದ ಮೂರು ಅಡಿ ದೂರದ ಒಂದು ಕ್ಲಾಂಪ್.

ಒಳಗೆ ನಡೆಯೋದೇನು?

ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ನಮ್ಮದು 1984ರ ಮಾರ್ಕ್ 4. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಸಿರೀಸ್ ಮನೆತನದ್ದು.

ಈ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಆದರೆ ಹೊಗೆ ಹೊರಗೆ ಬರೋ ಬಾಯಿ ಮೂರೇ. ತುದಿಯ ಎರಡಕ್ಕೆ ಒಂದೊಂದು, ನಡುವಿನ ಎರಡೂ ಸಿಲಿಂಡರ್ ಸೇರಿ ಒಂದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ತುದಿಯ ಬಾಯಿಗಳಿಂದ 1500 ಸಲ ಹೊಗೆ ಚಿಮ್ಮಿದರೆ, ನಡುವಿನ ಬಾಯಿಂದ 3000 ಸಲ. ಜೋರಾಗಿ ಓಡುವಾಗ ಆ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ನಮ್ಮ ಪ್ಯಾಕಿಂಗ್ ಮೂರು ಸಲವೂ ಸುಟ್ಟಿದ್ದು ನಡುವಿನ ಬಾಯಿಯ ಹತ್ತಿರವೇ.

ಇನ್ನೊಂದು ಲೆಕ್ಕ ನೋಡಿ. ಬೀಡು ಕಬ್ಬಿಣ ಬಿಸಿಯಾದ್ರೆ ಹಿಗ್ಗುತ್ತೆ. 40 ಸೆಂಟಿಮೀಟರ್ ಉದ್ದದ ಮನಿಫೋಲ್ಡ್ 400 ಡಿಗ್ರಿಯಷ್ಟು ಬಿಸಿ ಏರಿದರೆ ಒಂದೂವರೆಯಿಂದ ಎರಡು ಮಿಲಿಮೀಟರ್ ಉದ್ದ ಆಗುತ್ತೆ. ಅದನ್ನ ಹಿಡಿದಿರೋ ಹೆಡ್ಡಿನೊಳಗೆ ನೀರು ಹರಿಯೋದ್ರಿಂದ ಅದು ಅಷ್ಟು ಹಿಗ್ಗಲ್ಲ. ಹಾಗಾಗಿ ಪ್ರತಿ ಸಲ ಬಿಸಿಯಾದಾಗ ಮನಿಫೋಲ್ಡ್ ಪ್ಯಾಕಿಂಗ್ ಮೇಲೆ ಕೂದಲೆಳೆಯಷ್ಟು ಜಾರಬೇಕು, ಆರಿದಾಗ ವಾಪಸ್ ಬರಬೇಕು. ಸ್ಟಡ್ಡಿಗಿಂತ ಅದರ ತೂತು ತುಸು ದೊಡ್ಡದಿರೋದು ಈ ಕಾರಣಕ್ಕೇ.

ಸಪ್ಪಳ ಬಂತು ಅಂತ ಉದ್ದನೆ ಪಾನಾ ಹಾಕಿ ಜೀವ ಹೋಗೋ ಹಾಗೆ ಬಿಗಿದ್ರೆ ಏನಾಗುತ್ತೆ? ಜಾರೋಕೆ ಜಾಗ ಇಲ್ಲದ ಮನಿಫೋಲ್ಡ್ ಬಾಗುತ್ತೆ ಇಲ್ಲ ಸೀಳುತ್ತೆ, ಸ್ಟಡ್ ತುಂಡಾಗುತ್ತೆ. ಎರಡನೇ ಸಲ ನಮ್ಮ ಗಾಡಿಗೆ ಆಗಿದ್ದು ಅದೇ. ಮಿಸ್ತ್ರಿ ಬಿಚ್ಚಿ, ಸ್ಟೀಲ್ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡಿದ್ರು. ನಡುವೆ ಬೆಳಕು ಕಾಣ್ತಿತ್ತು. ಮನಿಫೋಲ್ಡ್ ಬಿಲ್ಲಿನ ಹಾಗೆ ಬಾಗಿತ್ತು. ಅದರ ಮೇಲೆ ಎಂಥಾ ಹೊಸ ಪ್ಯಾಕಿಂಗ್ ಹಾಕಿದ್ರೂ ನಡುವೆ ಸರಿಯಾಗಿ ಒತ್ತಲ್ಲ. ಒತ್ತದ ಕಡೆ ಹೊಗೆ ದಾರಿ ಮಾಡಿಕೊಳ್ಳುತ್ತೆ, ಆ ದಾರಿ ದಿನಾ ಅಗಲ ಆಗುತ್ತೆ.

ಮಿಸ್ತ್ರಿ ಮಾಡಿದ್ದು ಏನೇನು?

ಹಳೇ ಗಾಡಿ ಇಟ್ಟವರಿಗೆ ಉಪಯೋಗ ಆಗಲಿ ಅಂತ ಕ್ರಮವಾಗಿ ಬರೀತೀನಿ.

1. ಹಿಂದಿನ ರಾತ್ರಿನೇ ಎಲ್ಲ ನಟ್‌ಗಳಿಗೆ ತುಕ್ಕು ಬಿಡಿಸೋ ಎಣ್ಣೆ ಬಿಟ್ರು. ಬೆಳಗ್ಗೆ ತಿರುಗದಿದ್ದ ನಟ್ಟನ್ನ ಜಗ್ಗಲಿಲ್ಲ. ತುಸು ಹಿಂದೆ, ತುಸು ಮುಂದೆ ತಿರುಗಿಸ್ತಾ ಬಿಡಿಸಿದ್ರು. ಹೆಡ್ಡಿನೊಳಗೆ ಸ್ಟಡ್ ಮುರಿದ್ರೆ ಒಂದು ದಿನದ ಕೆಲಸ ಒಂದು ವಾರದ್ದಾಗುತ್ತೆ.

2. ಮನಿಫೋಲ್ಡನ್ನ ಮಷೀನ್ ಶಾಪಿಗೆ ಕಳಿಸಿ ಮುಖ ಸಮ ಮಾಡಿಸಿದ್ರು. ಅವರ ಲೆಕ್ಕ ಸರಳ. ಪಟ್ಟಿ ಇಟ್ಟಾಗ ಫೀಲರ್ ಗೇಜಿನ 0.10 ಮಿ.ಮೀ. ಎಲೆ ಎಲ್ಲೂ ನುಗ್ಗಬಾರದು. ಹೆಡ್ಡಿನ ಮುಖವನ್ನೂ ಹಾಗೇ ನೋಡಿದ್ರು. ಅದು ಸರಿ ಇತ್ತು.

3. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಳಿ ಒಳಗೆ ಹೋಗೋ ಇನ್‌ಲೆಟ್ ಮನಿಫೋಲ್ಡೂ ಅದೇ ಪ್ಯಾಕಿಂಗ್ ಮೇಲೆ ಕೂರುತ್ತೆ. ಕೆಲವು ನಟ್‌ಗಳ ಕೆಳಗಿನ ದಪ್ಪ ವಾಷರ್ ಅರ್ಧ ಇನ್‌ಲೆಟ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತುತ್ತೆ. ಎರಡರ ದಪ್ಪ ಒಂದೇ ಇರದಿದ್ರೆ ವಾಷರ್ ವಾರೆಯಾಗಿ ಒಂದು ಕಡೆ ಮಾತ್ರ ಬಿಗಿ. ಒಂದನ್ನೇ ಫೇಸಿಂಗ್ ಮಾಡಿಸಿದವರು ಇಲ್ಲೇ ಮೋಸ ಹೋಗ್ತಾರೆ. ನಮ್ಮ ಮಿಸ್ತ್ರಿ ಎರಡನ್ನೂ ಅಳೆದು ಸಮ ಮಾಡಿಸಿದ್ರು. ತೆಳು ವಾಷರ್ ಎಸೆದು ದಪ್ಪನೆಯವು ಹಾಕಿದ್ರು.

4. ಸ್ಟಡ್ ಹೊಸವು, ನಟ್ ಹಿತ್ತಾಳೆಯವು. ಹಿತ್ತಾಳೆ ನಟ್ ತುಕ್ಕು ಹಿಡಿದು ಸ್ಟಡ್ಡಿಗೆ ಅಂಟಿಕೊಳ್ಳಲ್ಲ. ಒಳಗೆ ನೈಲಾನ್ ಇರೋ ಲಾಕ್ ನಟ್ ಈ ಜಾಗಕ್ಕೆ ಬೇಡವೇ ಬೇಡ, ಆ ಬಿಸಿಗೆ ನೈಲಾನ್ ಕರಗುತ್ತೆ.

5. ಪ್ಯಾಕಿಂಗ್ ಒಣದಾಗೇ ಕೂರಿಸಿದ್ರು. ಹಿಂದಿನವರು ಎರಡೂ ಬದಿಗೆ ಕೆಂಪು ಸಿಲಿಕಾನ್ ಪೇಸ್ಟ್ ಬಳಿದಿದ್ರು. ಅದು ಆಯಿಲ್ ಚೇಂಬರ್, ನೀರಿನ ಜಾಯಿಂಟಿಗೆ ಒಳ್ಳೇದು. ಹೊಗೆ ಬಾಯಿಯ ಬಿಸಿಗೆ ಸುಟ್ಟು ಪುಡಿಯಾಗಿ, ತಾನಿದ್ದ ಜಾಗದಲ್ಲೇ ಸಂದು ಬಿಡುತ್ತೆ.

6. ಬಿಗಿಯೋದು ನಡುವಿನಿಂದ ತುದಿಗೆ, ಮೂರು ಸುತ್ತಿನಲ್ಲಿ. ಮೊದಲು ಕೈಬಿಗಿ, ಆಮೇಲೆ ಅರ್ಧ, ಕೊನೆಗೆ ಟಾರ್ಕ್ ಪಾನಾದಲ್ಲಿ ಮ್ಯಾನುಯಲ್ ಹೇಳಿದಷ್ಟು. ನನಗೆ ಆಶ್ಚರ್ಯ ಆಗಿದ್ದು ಆ “ಅಷ್ಟು” ಎಷ್ಟು ಕಡಿಮೆ ಅನ್ನೋದು. ಅಪ್ಪ ಒತ್ತೋ ಒತ್ತಿಗಿಂತ ಬಹಳ ಕಡಿಮೆ.

7. ಕೊನೆಗೆ ಅಸಲಿ ಕೆಲಸ. ಎಂಜಿನ್ ಫೌಂಡೇಶನ್ ರಬ್ಬರ್, ಗೇರ್‌ಬಾಕ್ಸ್ ಹತ್ತಿರದ ಕ್ಲಾಂಪ್, ಸೈಲೆನ್ಸರ್ ಹ್ಯಾಂಗರ್ ರಬ್ಬರ್ ಎಲ್ಲ ಹೊಸವು. ಪೈಪನ್ನ ಎಳೆದು ತಂದು ಜೋಡಿಸಲಿಲ್ಲ. ತಾನಾಗೇ ಬಂದು ಕೂರೋ ಹಾಗೆ ಹೊಂದಿಸಿ ಆಮೇಲೆ ಕ್ಲಾಂಪ್ ಬಿಗಿದ್ರು.

ಸಂಜೆ ಇಗ್ನಿಷನ್ ಟೈಮಿಂಗೂ ನೋಡಿದ್ರು. ಕಿಡಿ ತಡವಾಗಿ ಬಿದ್ರೆ ಪೆಟ್ರೋಲ್ ಉರೀತಾ ಉರೀತಾನೇ ಹೊರಗೆ ಬರುತ್ತೆ, ಮನಿಫೋಲ್ಡ್ ಇನ್ನೂ ಬಿಸಿಯಾಗುತ್ತೆ. ನಮ್ಮದು ತುಸು ತಡವೇ ಇತ್ತು.

“ನಾಳೆ ಮುಂಡರಗಿಗಿ ಹೋಗಿ ಬರ್ರಿ. ಪೂರಾ ಆರಿದ ಮ್ಯಾಲ ತಂದ್ರ ಇನ್ನೊಮ್ಮಿ ಬಿಗೀತೀನಿ,” ಅಂದ್ರು. ಡಂಬಳದ ದಾರಿಯಲ್ಲಿ, ಕಪ್ಪತಗುಡ್ಡ ನೋಡ್ತಾ ಹೋಗಿ ಬಂದ್ವಿ. ಮರುದಿನ ತಣ್ಣಗಿದ್ದಾಗ ಪಾನಾ ಹಾಕಿದ್ರೆ ಎರಡು ನಟ್ ತುಸು ಸಡಿಲ ಆಗಿದ್ದವು. ಹೊಸ ಪ್ಯಾಕಿಂಗ್ ಮೊದಲ ಬಿಸಿಗೆ ಕೂರುತ್ತೆ, ಅದಕ್ಕೇ ಈ ಎರಡನೇ ಬಿಗಿ. ಹಿಂದಿನ ಎರಡು ಸಲ ಇದನ್ನ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಹೆಡರ್ ಹಾಕಿಸೋ ಆಸೆ ಇದ್ದವರಿಗೆ

ಮುಂಡರಗಿಯಲ್ಲಿ ನಮ್ಮ ಮಾಮಾನ ಮಗನ ಹತ್ತಿರ ಒಂದು ಪದ್ಮಿನಿ ಇದೆ. ಬೀಡಿನ ಮನಿಫೋಲ್ಡ್ ತೆಗೆದು ನಾಲ್ಕು ಪೈಪಿನ ಹೆಡರ್ ವೆಲ್ಡ್ ಮಾಡಿಸಿ ಹಾಕಿದಾನೆ. ಸದ್ದು ಚೆನ್ನಾಗಿದೆ, ಪ್ಯಾಕಿಂಗ್ ಮಾತ್ರ ನಿಲ್ತಿಲ್ಲ. ಮಿಸ್ತ್ರಿಗೆ ಫೋಟೋ ತೋರಿಸಿದೆ. “ಪ್ಲೇಟ್ ತೆಳ್ಳಗೈತಿ ತಂಗೀ. ವೆಲ್ಡ್ ಬಿಸಿಗೇ ಬಾಗೇತಿ,” ಅಂದ್ರು.

ಹೆಡರ್ ಮಾಡಿಸೋದಾದ್ರೆ ಹೆಡ್ಡಿಗೆ ಕೂರೋ ಪ್ಲೇಟ್ ದಪ್ಪ ಇರಲಿ, ಎಂಟರಿಂದ ಹತ್ತು ಮಿ.ಮೀ. ವೆಲ್ಡ್ ಮಾಡುವಾಗ ಅದನ್ನ ಇನ್ನೊಂದು ದಪ್ಪ ಕಬ್ಬಿಣಕ್ಕೆ ಬೋಲ್ಟ್ ಹಾಕಿ ಬಿಗಿದಿರಲಿ. ವೆಲ್ಡ್ ಆರಿದ ಮೇಲೆ ಕಡ್ಡಾಯವಾಗಿ ಫೇಸಿಂಗ್ ಮಾಡಿಸಿ. ಪೈಪಿಗೆ ಬಟ್ಟೆ ಸುತ್ತೋ ಫ್ಯಾಷನ್ ಇದೆಯಲ್ಲ, ಅದು ಬಾನೆಟ್ ಒಳಗಿನ ಬಿಸಿ ಕಡಿಮೆ ಮಾಡುತ್ತೆ ನಿಜ, ಆದರೆ ಪೈಪನ್ನ ಇನ್ನಷ್ಟು ಕಾಯಿಸುತ್ತೆ. ಹಳೇ ಬೀಡಿಗೆ ಅದು ಬೇಡ.

ಇನ್ನೊಂದು ಮಾತು ಎಲ್ಲ ಗಾಡಿಗೂ. ದೂರದಿಂದ ಬಂದ ಕೂಡಲೇ ಸರ್ವಿಸ್ ಸ್ಟೇಷನ್ನಿಗೆ ಹೋಗಿ ಬಿಸಿ ಎಂಜಿನ್ ಮೇಲೆ ತಣ್ಣೀರು ಹೊಡೆಸಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ರೆ ಸೀಳೋಕೆ ಒಂದೇ ಸಲ ಸಾಕು.

ಆ ಸಪ್ಪಳ ಗುರುತಿಸೋದು ಹೇಗೆ?

ಬಹಳ ಜನ ಇದನ್ನ ಟ್ಯಾಪೆಟ್ ಸಪ್ಪಳ ಅಂದುಕೊಂಡು ಟ್ಯಾಪೆಟ್ ಸೆಟ್ ಮಾಡಿಸ್ತಾರೆ. ವ್ಯತ್ಯಾಸ ಇದು: ಪ್ಯಾಕಿಂಗ್ ಸಪ್ಪಳ ತಣ್ಣನೆ ಎಂಜಿನ್ನಿನಲ್ಲಿ ಜೋರು. ಕಬ್ಬಿಣ ಹಿಗ್ಗಿ ಸಂದು ಮುಚ್ಚಿದ ಹಾಗೆ ಕಡಿಮೆಯಾಗುತ್ತೆ. ಎಕ್ಸಲೇಟರ್ ಒತ್ತಿದಾಗ, ದಿಬ್ಬ ಹತ್ತುವಾಗ ಹೆಚ್ಚಾಗುತ್ತೆ. ಅಪ್ಪ ಹೇಳಿದ “ಬಿಸಿ ಆದ್ಮ್ಯಾಲ ಕಡಿಮಿ” ಅನ್ನೋದು ಸಮಾಧಾನ ಅಲ್ಲ, ಅದೇ ರೋಗದ ಲಕ್ಷಣ.

ಬಾನೆಟ್ ಎತ್ತಿ ಟಾರ್ಚ್ ಹಿಡಿದು ಪ್ಯಾಕಿಂಗ್ ಅಂಚಿನಲ್ಲಿ ಕಪ್ಪು ಮಸಿ ಗೆರೆ ಇದೆಯಾ ನೋಡಿ. ಎಂಜಿನ್ ಬಂದ್ ಇದ್ದು ಪೂರ್ತಿ ತಣ್ಣಗಿರುವಾಗ, ಸೈಲೆನ್ಸರ್ ಬಾಯಿಗೆ ಬ್ಲೋವರ್‌ನಿಂದ ಮೆಲ್ಲಗೆ ಗಾಳಿ ಬಿಡಿ. ಮನಿಫೋಲ್ಡ್ ಸುತ್ತ ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿ. ಗುಳ್ಳೆ ಬಂದಲ್ಲಿ ಲೀಕ್.

ಇನ್ನು ಅವ್ವನ ತಲೆನೋವು

ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೊಗ್ಲೋಬಿನ್ ಅದನ್ನ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಮೊದಲು ತಲೆನೋವು, ತಲೆ ತಿರುಗೋದು, ಓಕರಿಕೆ, ನಿದ್ದೆ ಬಂದ ಹಾಗೆ ಆಗೋದು. ಬಿಸಿಲು, ಪಿತ್ತ, ಪ್ರಯಾಣದ ಸುಸ್ತು ಅಂತ ತಳ್ಳಿಹಾಕೋದು ಸುಲಭ. ನಿದ್ದೆ ಹೋದವರಿಗಂತೂ ಗೊತ್ತೇ ಆಗಲ್ಲ.

ನಮ್ಮ ಗಾಡಿಯಲ್ಲಿ ಪೆಡಲ್ ಹತ್ತಿರದ ರಬ್ಬರ್, ವೈರ್ ಹೋಗೋ ತೂತಿನ ರಬ್ಬರ್ ಎಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಬಾನೆಟ್ ಒಳಗಿನ ಹೊಗೆ ಒಳಬರೋಕೆ ಅಷ್ಟು ಸಾಕು, ಅದರ ಮೇಲೆ ಕಿಟಕಿ ಬೇರೆ ಮುಚ್ಚಿದ್ವಿ. ಅವ್ವನ ತಲೆನೋವು ಇದರಿಂದಲೇ ಬಂತು ಅಂತ ನಾನು ಆಣೆ ಮಾಡಲ್ಲ. ಯಾವ ಮೀಟರೂ ಇಟ್ಟು ಅಳೆದಿಲ್ಲ. ಆದರೆ ಪ್ಯಾಕಿಂಗ್ ಸರಿಯಾದ ಮೇಲೆ, ಆ ರಬ್ಬರ್ ಎಲ್ಲ ಬದಲಿಸಿದ ಮೇಲೆ ಅವ್ವ ಗಾಡಿಯಲ್ಲಿ ತಲೆ ಹಿಡಿದುಕೊಂಡಿಲ್ಲ.

ಹಳೇ ಗಾಡಿಯಲ್ಲಿ ಮನೆಯವರಿಗೆ ಪದೇ ಪದೇ ಹೀಗಾಗ್ತಿದ್ರೆ ಕೂಡಲೇ ನಿಲ್ಲಿಸಿ, ಇಳಿಸಿ, ಗಾಳಿಗೆ ಕೂರಿಸಿ. ಕಡಿಮೆ ಆಗದಿದ್ರೆ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ “ಗಾಡಿ ಹೊಗೆ ಇರಬಹುದು” ಅಂತ ಬಾಯಿ ಬಿಟ್ಟು ಹೇಳಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡೋದಂತೂ ಬೇಡ.

ಹಳೇ ಪ್ಯಾಕಿಂಗ್ ಕೆರೆಯುವಾಗಲೂ ಎಚ್ಚರ ಇರಲಿ. ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಪುಡಿ ಶ್ವಾಸಕೋಶಕ್ಕೆ ಹೋದ್ರೆ ವರ್ಷಗಳ ಮೇಲೆ ಕ್ಯಾನ್ಸರ್ ತರುತ್ತೆ. ನೀರು ಹಚ್ಚಿ ಒದ್ದೆ ಮಾಡಿ ಕೆರೆಯಿರಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಧೂಳು ಎಬ್ಬಿಸಬೇಡಿ, ಬಾಯಿಂದ ಊದಬೇಡಿ. ಮಿಸ್ತ್ರಿಯ ಹತ್ತಿರ ಕೆಲಸ ಕಲಿಯೋ ಹುಡುಗನಿಗೂ ಇದನ್ನ ಹೇಳಿ. ಹಳೇ ಗಾಡಿ ನಮ್ಮ ಶೋಕಿ, ಆ ಧೂಳು ಮಾತ್ರ ಅವನ ಎದೆಗೆ ಹೋಗೋದು.

ಹೋದ ತಿಂಗಳು ಶಿರಹಟ್ಟಿಗೆ ದೊಡ್ಡವ್ವನ ಮನೆಗೆ ಹೊರಟಿದ್ವಿ. ಬೆಳಗಿನ ಚಳಿ ಹಾಗೇ ಇತ್ತು. ಅಪ್ಪ ಚೋಕ್ ಎಳೆದು ಚಾಲೂ ಮಾಡಿ, ಕಿವಿಗೊಟ್ಟು ನಿಂತ್ರು. ಎಂಜಿನ್ ಗುರ್ ಅಂತಿತ್ತು, ಟಿಕ್ ಟಿಕ್ ಇರಲಿಲ್ಲ. ದಾರಿಯುದ್ದಕ್ಕೂ ಮಾತಾಡಿದ್ದು ಅವ್ವ ಒಬ್ಬರೇ: ದೊಡ್ಡವ್ವನ ಸೊಸೆ, ಮೆಣಸಿನಕಾಯಿ ರೇಟು, ನನ್ನ ಮದುವೆ. ಶಿರಹಟ್ಟಿ ಬರೋವರೆಗೂ ಕಣ್ಣು ಮುಚ್ಚಲಿಲ್ಲ.

“ನಿಮ್ಮವ್ವ ಮಲಗಿದ್ರನ ಚಲೋ ಇತ್ತಲ್ಲ,” ಅಂದ್ರು ಅಪ್ಪ, ಕನ್ನಡಿಯಲ್ಲಿ ನಗ್ತಾ.